ಬಿಲ್ಲೆ ನೇತುಹಾಕಿದ ಸ್ವಿಚ್ಚು

ಆ ಮುದುಕನನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಮುಂದೆ ಎಲ್ಲಾದರೂ ಅವನ ಬಗ್ಗೆ ಮೆತ್ತಗೆ ಬರೆದಿದ್ದರೆ ಅದು ಆಮೇಲೆ ಹುಟ್ಟಿದ ಸುಳ್ಳು. ಅವನಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲಿ ಅವನು ಕೊನೆಯವರೆಗೂ ಪ್ರಾಮಾಣಿಕನಾಗಿದ್ದ.

ಮುದುಕ ಎಂದೆ. ಅವನಿಗೆ ಅರವತ್ತೋ ಅರವತ್ತೆರಡೋ ಇರಬೇಕು. ನನಗಿಂತ ಗಟ್ಟಿಯಾಗಿದ್ದ, ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದ. ಆದರೂ ಮನಸ್ಸಿನೊಳಗೆ ಅವನನ್ನು ಮುದುಕ ಎಂದೇ ಕರೆಯುತ್ತಿದ್ದೆ. ಇಲ್ಲೂ ಅದನ್ನೇ ಇಡುತ್ತೇನೆ.

ನನ್ನದು ಬಂಗಾರಪೇಟೆ. ಬೆಂಗಳೂರಿನ ಕಂಪನಿಗಳು ಹಳತಾಯಿತೆಂದು ಹೊರಗೆ ಹಾಕಿದ ಸರ್ವರ್‌ಗಳನ್ನು ತಂದು, ಬಿಚ್ಚಿ, ಸರಿಮಾಡಿ, ಸುತ್ತಲಿನ ಕಾಲೇಜು ಆಸ್ಪತ್ರೆಗಳಲ್ಲಿ ಕೂರಿಸಿಕೊಡುತ್ತೇನೆ. ಎರಡು ವರ್ಷದ ಹಿಂದೆ ಆಂಡರ್ಸನ್‌ಪೇಟೆಯ ಒಂದು ಕಾಲೇಜು ಕರೆಯಿತು. ಅಲ್ಲಿ ಐದು ಹಳೆಯ ಕಂಪ್ಯೂಟರ್‌ಗಳಿದ್ದವು: ಪ್ರವೇಶಕ್ಕೊಂದು, ಪರೀಕ್ಷೆಗೊಂದು, ಹಾಜರಿಗೊಂದು, ಗ್ರಂಥಾಲಯಕ್ಕೊಂದು, ಹಾಸ್ಟೆಲ್ಲಿಗೊಂದು. ಸರದಿಯ ಮೇಲೆ ಕೆಟ್ಟು ಕೂರುತ್ತಿದ್ದವು. ಅವನ್ನೆಲ್ಲ ಎತ್ತಿಹಾಕಿ ಒಂದೇ ಸರ್ವರ್ ಇಟ್ಟು, ಅದಕ್ಕೆ ವರ್ಚುವಲೈಸೇಶನ್ ತಂತ್ರಾಂಶ ಹಾಕಬೇಕಿತ್ತು. ಆ ತಂತ್ರಾಂಶ ಒಂದು ಯಂತ್ರವನ್ನು ಐದಾಗಿ ಹಂಚುತ್ತದೆ. ಐದರಲ್ಲಿ ಪ್ರತಿಯೊಂದೂ ಇಡೀ ಯಂತ್ರ ತನ್ನದೇ ಎಂದುಕೊಂಡು ಕೆಲಸ ಮಾಡುತ್ತದೆ. ತಂತ್ರಾಂಶ ಹಾಕಲು ಅರ್ಧ ಗಂಟೆ ಸಾಕು. ಅದಕ್ಕಾಗಿ ಯಂತ್ರವನ್ನು ಸಿದ್ಧ ಮಾಡಲು ದಿನಗಳು ಬೇಕು. ನಾನು ಬರೆಯುತ್ತಿರುವುದು ಆ ದಿನಗಳ ಬಗ್ಗೆ.

ಮುದುಕ ಆ ಕಾಲೇಜಿನ ಎಲೆಕ್ಟ್ರಿಷಿಯನ್. ಮೊದಲು ನಂದಿದುರ್ಗದ ಚಿನ್ನದ ಗಣಿಯಲ್ಲಿದ್ದವನು. ಆಳುಗಳನ್ನು ಭೂಮಿಯೊಳಕ್ಕೆ ಇಳಿಸಿ ಏರಿಸುವ ಕೇಜಿನ ಯಂತ್ರ ನೋಡಿಕೊಳ್ಳುತ್ತಿದ್ದ. ಗಣಿ ಮುಚ್ಚಿದ ಮೇಲೂ ಅಲ್ಲಿಯ ಕಾರ್ಮಿಕರ ಲೈನ್ ಮನೆ ಬಿಟ್ಟಿರಲಿಲ್ಲ. ಹುಟ್ಟಿದ್ದು ಬಂಗಾರಪೇಟೆಯಾಚೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ತೆಲುಗು, ಲೈನಿನಲ್ಲಿ ತಮಿಳು, ನಮ್ಮಂಥವರ ಹತ್ತಿರ ಕನ್ನಡ.

ಸೋಮವಾರ ಸರ್ವರನ್ನು ಆಟೋದಿಂದ ಇಳಿಸಿ, ವರಾಂಡದಲ್ಲಿ ಮೇಲಿನ ತಗಡು ತೆಗೆದು, ಬ್ಲೋಯರ್ ಹಿಡಿದು ಧೂಳು ಊದುತ್ತಿದ್ದೆ. ಮೊದಲ ಕೆಲಸ ಯಾವಾಗಲೂ ಅದೇ. ಫ್ಯಾನಿನ ರೆಕ್ಕೆಗಳಲ್ಲಿ, ಮೆಮರಿ ಪಟ್ಟಿಗಳ ಸಂದಿಯಲ್ಲಿ ಕಪ್ಪು ಧೂಳು ಹತ್ತಿಯ ಹಾಗೆ ಕೂತಿರುತ್ತದೆ. ನಾನು ಕಪ್ಪು ಊದುತ್ತಿದ್ದರೆ ಚಿನ್ನ ತೆಗೆದು ಉಳಿದ ಪುಡಿಯನ್ನು ಗಣಿಯವರು ಸುರಿದಿದ್ದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿಗೆ ಬಿಳಿ ಪುಡಿ ಬಂದು ಅದರ ಮೇಲೆಯೇ ಇಳಿಯುತ್ತಿತ್ತು.

ಅವನು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ನಮ್ ಬೂದಿ ಸಾಲ್ದು ಅಂತ ಬ್ಯಾರೆ ಊರಿಂದು ಒತ್ಕಂಡ್ ಬಂದ್ಯೇನಯ್ಯಾ?"

"ಬೆಂಗಳೂರಿನದು ಯಜಮಾನ್ರೇ. ಬೇಕಿದ್ರೆ ಪೊಟ್ಟಣ ಕಟ್ಟಿಕೊಡ್ತೀನಿ."

"ಏನ್ ಮಾಡ್ತದೆ ಇದು?"

ಐದು ಯಂತ್ರದ ಕೆಲಸ ಒಂದರಲ್ಲೇ ಮಾಡುತ್ತದೆ ಎಂದೆ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ, ಬೇಕೆಂದೇ.

"ಒಂದ್ ಒಟ್ಟೇಲಿ ಐದ್ ಕೂಸಾ?" ಎಂದು ಬಗ್ಗಿ ನೋಡಿದ. "ತಾಯ್ಗ್ ಜ್ವರ ಬಂದ್ರೆ ಐದೂ ಮಲಿಕಂತವಲ್ಲಯ್ಯಾ."

ಈ ಕೆಲಸದಲ್ಲಿ ಎಲ್ಲರಿಗೂ ಇರುವ ಭಯ ಅದೊಂದೇ. ಅದಕ್ಕೇ ಎರಡು ಪವರ್ ಸಪ್ಲೈ, ಒಂದನ್ನೊಂದು ನಕಲು ಮಾಡುವ ಜೋಡಿ ಡಿಸ್ಕು, ಎಲ್ಲ. ನಾನು ವರ್ಷಗಟ್ಟಲೆ ಓದಿ ತಿಳಿದದ್ದನ್ನು ಅವನು ತಗಡಿನೊಳಗೆ ಒಂದು ಸಲ ಇಣುಕಿ ಹೇಳಿದ್ದ. ನಾನು ಬ್ಲೋಯರನ್ನು ಅವನ ಕಾಲಿನ ಕಡೆಗೆ ತಿರುಗಿಸಿದೆ. ಪಂಚೆಯ ಅಂಚು ಕಪ್ಪಾಯಿತು. ಕೈ ತಪ್ಪಿತು ಎಂದೆ.

ತಪ್ಪಿರಲಿಲ್ಲ.

ಮಂಗಳವಾರ ಸರ್ವರನ್ನು ಒಳಕೋಣೆಯ ಕಬ್ಬಿಣದ ಚೌಕಟ್ಟಿಗೆ ಏರಿಸಿದೆ. ತಂತ್ರಾಂಶ ಮಾಡಿದವರು ಒಂದು ಪಟ್ಟಿ ಕೊಟ್ಟಿರುತ್ತಾರೆ. ಯಾವ ಪ್ರೊಸೆಸರ್ ನಡೆಯುತ್ತದೆ, ಯಾವ ಡಿಸ್ಕ್ ಕಾರ್ಡು ನಡೆಯುತ್ತದೆ ಎಂದು ಅದರಲ್ಲಿರುತ್ತದೆ. ಅದನ್ನು ಇಟ್ಟುಕೊಂಡು ಒಂದೊಂದೇ ತಾಳೆ ನೋಡಿದೆ. ಮದರ್‌ಬೋರ್ಡಿನ ಫರ್ಮ್‌ವೇರ್ ಹೊಸದು ಹಾಕಿದೆ. ಅದನ್ನು ಹಾಕುವ ಐದು ನಿಮಿಷ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ, ಆದ್ದರಿಂದ ಉಸಿರು ಬಿಗಿಹಿಡಿದು ನಿಂತಿದ್ದೆ. ಆ ಹೊತ್ತಿಗೇ ಮುದುಕ ಟೆಸ್ಟರ್ ಹಿಡಿದು ಬಂದು ಕಬ್ಬಿಣದ ಚೌಕಟ್ಟಿಗೆ ತಾಗಿಸಿದ. ಟೆಸ್ಟರಿನೊಳಗೆ ಕೆಂಪು ದೀಪ ಮಿಣುಕಿತು, ಚೌಕಟ್ಟಿಗೆ ಕರೆಂಟು ಸೋರುತ್ತಿತ್ತು.

"ಅರ್ತ್ ಸತ್ತೋಗದೆ. ನಿನ್ ಬಸ್ರೀನ ಇದ್ರ ಮೇಲ್ ಮಲಗ್ಸಿದೀಯ."

"ಮುಟ್ಟಬೇಡಿ. ಐದು ನಿಮಿಷ ದೂರ ಇರಿ."

"ಮುಟ್ದೆ ಎಂಗ್ ಗೊತ್ತಾಯ್ತದೆ?"

ಪಕ್ಕದ ಗ್ರಂಥಾಲಯದ ಉಗ್ರಾಣದಲ್ಲಿ ಗೋಡೆಯ ಮೇಲೆ ಒಂದು ವೈರಿಂಗ್ ಪೆಟ್ಟಿಗೆ ಇತ್ತು. ಅಲ್ಲಿಂದ ಹೊಸ ಅರ್ತ್ ವೈರು ಎಳೆಯಬೇಕು, ಅರ್ಧ ದಿನ ಕರೆಂಟು ಆರಿಸಬೇಕು ಎಂದ. ಅರ್ಧ ದಿನ ಕೊಡಲಾರೆ ಎಂದೆ. ನನ್ನ ಮುಂದಿನ ಕೆಲಸ ಮೆಮರಿ ಪರೀಕ್ಷೆ. ಹದಿನಾರು ಪಟ್ಟಿಗಳ ಒಂದೊಂದು ಮನೆಯನ್ನೂ ತುಂಬಿಸಿ, ಓದಿ, ಅಳಿಸಿ ನೋಡುವ ಪರೀಕ್ಷೆ. ಇಡೀ ದಿನ ಓಡಬೇಕು, ನಡುವೆ ನಿಲ್ಲಬಾರದು. ಇಬ್ಬರ ಗಲಾಟೆ ಕಾಲೇಜು ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಮೇಡಂವರೆಗೆ ಹೋಯಿತು. ಆಕೆ ಗಡಿಯಾರ ನೋಡಿ ತೀರ್ಪು ಕೊಟ್ಟರು: "ಬುಧವಾರ ಒಂಬತ್ತರಿಂದ ಹನ್ನೊಂದರವರೆಗೆ ಕರೆಂಟು ಅವರದು. ಹನ್ನೊಂದರ ಮೇಲೆ ನಿಮ್ಮದು. ಇನ್ನು ನನ್ನ ಹತ್ತಿರ ಬರಬೇಡಿ."

ಹೊರಗೆ ಬಂದ ಮೇಲೆ ಮುದುಕ ನನ್ನನ್ನು ವರಾಂಡದ ಮೇನ್ ಸ್ವಿಚ್ಚಿನ ಮುಂದೆ ನಿಲ್ಲಿಸಿದ. ಅಂಗಿಯ ಜೇಬಿನಿಂದ ದಾರ ಕಟ್ಟಿದ ಹಿತ್ತಾಳೆ ಬಿಲ್ಲೆಯೊಂದನ್ನು ತೆಗೆದ. ಅದರ ಮೇಲೊಂದು ಅಂಕಿ ಇತ್ತು, ಸವೆದು ಅರ್ಧ ಅಳಿಸಿಹೋಗಿತ್ತು. ಗಣಿಯಲ್ಲಿ ಅವನಿಗೆ ಕೊಟ್ಟಿದ್ದ ಬಿಲ್ಲೆ ಅದು.

"ಇದ್ನ ನೋಡ್ಕ. ಇದು ಇಲ್ಲಿ ತೂಗಾಡ್ತಾ ಐತೆ ಅಂದ್ರೆ ನಾನು ಒಳ್ಗಿದೀನಿ ಅಂತ. ನಾನ್ ಬಂದ್ ನಾನೇ ತೆಗೀಬೇಕು. ನಮ್ಮಪ್ಪ ಎದ್ ಬಂದ್ರೂ ತೆಗಿಯಂಗಿಲ್ಲ. ನಿನ್ ಮೇಡಮ್ಮೂ ತೆಗಿಯಂಗಿಲ್ಲ."

"ಒಂದು ಚೀಟಿ ಬರೆದು ಅಂಟಿಸಿದರೆ ಆಗಲ್ವಾ?"

"ಚೀಟಿ ಓದಾಕ್ ಬರಾನು ಓದ್ತಾನೆ. ಓದ್ಬುಟ್ಟು ಸ್ವಿಚ್ ಆಕ್ತಾನೆ. ನಿನ್ನಂತೋನು."

ಗಣಿಯ ರೀತಿಯನ್ನೂ ಹೇಳಿದ. ಇಳಿಯುವಾಗ ಗಣಿಯ ಬಾಯಿಯ ಹತ್ತಿರದ ಹಲಗೆಗೆ ಬಿಲ್ಲೆ ಹಾಕಬೇಕು, ಮೇಲೆ ಬಂದ ಮೇಲೆ ತನ್ನದನ್ನು ತಾನೇ ತೆಗೆದುಕೊಳ್ಳಬೇಕು. ತನ್ನ ಬಿಲ್ಲೆ ಕೈಗೆ ಬರುವವರೆಗೆ ಆಳು ಮೇಲೆ ಬಂದಿದ್ದರೂ ಬಂದಂತಲ್ಲ, ಶಿಫ್ಟು ಮುಗಿದಂತಲ್ಲ. ನಾನು ಆಕಳಿಸಿದೆ.

ಈಗ ಬುಧವಾರ. ಇದನ್ನು ನಾನು ಹಲವರಿಗೆ ಹಲವು ಥರ ಹೇಳಿದ್ದೇನೆ. ಹೆಂಡತಿಗೆ ಹೇಳುವಾಗ ಹನ್ನೊಂದು ದಾಟಿತ್ತು. ಗೆಳೆಯನಿಗೆ ಹೇಳುವಾಗ ಸರಿಯಾಗಿ ಹನ್ನೊಂದು. ಒಂದು ಕಥನದಲ್ಲಿ ನಾನು ಮೂರು ಸಲ ಕೂಗಿ ಕರೆದೆ, ಉತ್ತರ ಬರಲಿಲ್ಲ. ಆ ಕೂಗು ನನಗೆ ಈಗಲೂ ಕೇಳಿಸುತ್ತದೆ, ನನ್ನದೇ ದನಿ, ಖಾಲಿ ವರಾಂಡ. ಅಷ್ಟು ಚೆನ್ನಾಗಿ ಕೇಳಿಸುವುದರಿಂದಲೇ ಅದರ ಮೇಲೆ ನನಗೆ ಅನುಮಾನ. ನಾನು ಕರೆಯಲಿಲ್ಲ.

ಬಂಗಾರಪೇಟೆಯಿಂದ ಬಂದವನು ನೇರ ಕೋಣೆಗೆ ಹೋದೆ. ಸರ್ವರ್ ಮೇಲಿನ ತಗಡು ತೆಗೆದೇ ಇತ್ತು. ಮೆಮರಿ ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಒತ್ತಿ ಕೂರಿಸಿದೆ. ಪರೀಕ್ಷೆ ಈಗಲೇ ಶುರುವಾಗದಿದ್ದರೆ ನಾಳೆ ಇದೇ ಹೊತ್ತಿಗೆ ಮುಗಿಯುವುದಿಲ್ಲ, ನಾಳೆ ಮಾಲೂರಿನಲ್ಲಿ ಬೇರೆ ಕೆಲಸ. ವರಾಂಡಕ್ಕೆ ಬಂದೆ. ಸ್ವಿಚ್ಚು ಕೆಳಗಿತ್ತು. ಬಿಲ್ಲೆ ತೂಗಾಡುತ್ತಿತ್ತು. ನೋಡಲಿಲ್ಲ ಎನ್ನಲಾರೆ. ದಾರದ ಗಂಟು ಬಿಗಿಯಾಗಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಅಷ್ಟು ಹೊತ್ತು ನನಗೆ ಯೋಚಿಸಲು ಸಮಯವಿತ್ತು. ಮುದುಕ ಎಲ್ಲೋ ಬೀಡಿ ಸೇದುತ್ತಿರಬೇಕು, ಬೇಕೆಂದೇ ತಡ ಮಾಡುತ್ತಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಖುಷಿಯಾಗುತ್ತಿತ್ತು. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಸ್ವಿಚ್ಚು ಮೇಲೆತ್ತಿದೆ.

ಉಗ್ರಾಣದಲ್ಲಿ ಸ್ಟೂಲು ಉರುಳಿತು. ಆಮೇಲೆ ಅವನ ಕಿರುಚು.

"ಎವುಡ್ರಾ ಏಸಿಂದಿ? ಎವುಡ್ರಾ?"

ಯಾವನು ಹಾಕಿದ್ದು ಎಂದು ತೆಲುಗಿನಲ್ಲಿ ಕೇಳುತ್ತಿದ್ದ. ನೋವಿಗೆ ಅವನು ಕನ್ನಡ ಬಳಸಲಿಲ್ಲ.

ನಾನು ಸ್ವಿಚ್ಚು ಇಳಿಸಿದೆ. ಜನ ಉಗ್ರಾಣದ ಕಡೆ ಓಡಿದರು. ನಾನು ಓಡಲಿಲ್ಲ, ಕೋಣೆಗೆ ಹೋದೆ. ಮುದುಕನ ಬಲಗೈಯ ಎರಡು ಬೆರಳು ಸುಟ್ಟಿದ್ದವು, ಬಿದ್ದ ಏಟಿಗೆ ಮಣಿಕಟ್ಟು ಮುರಿದಿತ್ತು. ಅದು ಅವನನ್ನು ಆಟೋಗೆ ಹತ್ತಿಸುವಾಗ ಬೇರೆಯವರು ಮಾತಾಡಿಕೊಂಡದ್ದು. ಹತ್ತುವ ಮೊದಲು ಅವನು ಎಡಗೈಯಲ್ಲಿ ಕಂಬ ಹಿಡಿದು ನಿಂತು ಮೇಡಂಗೆ ಹೇಳಿದ.

"ನಾನು ಆರ್ಸಿ ಬಿಲ್ಲೆ ಆಕಿದ್ದೆ ತಾಯಿ. ಯಾವನೋ ತೆಗ್ದವ್ನೆ. ಬಿಲ್ಲೆ ಎಲ್ಲಿ, ಅದ್ನ ಕೇಳಿ."

ಮೇಡಂ ನನ್ನ ಕಡೆ ತಿರುಗಿದರು. "ನೀವು ಇಲ್ಲೇ ಇದ್ರಲ್ಲ. ಬಿಲ್ಲೆ ಏನಾದ್ರೂ ಇತ್ತಾ?"

"ನಾನು ಯಾವ ಬಿಲ್ಲೇನೂ ನೋಡಲಿಲ್ಲ ಮೇಡಂ."

ಇದನ್ನು ಹೇಳಿದಾಗ ನನ್ನ ಕೈ ಖಾಲಿಯಿತ್ತು. ಹಾಗಾದರೆ ಅದು ಎಲ್ಲಿತ್ತು? ಗಾಬರಿಯಲ್ಲಿ ಎಲ್ಲೋ ಇಟ್ಟು ಮರೆತೆ ಎಂಬುದು ನಾನು ಬಹಳ ಕಾಲ ನಂಬಿದ ಉತ್ತರ. ಆದರೆ ಆ ಕೋಣೆಯಲ್ಲಿ ಮೇಜಿರಲಿಲ್ಲ, ಕಪಾಟಿರಲಿಲ್ಲ. ಬಾಯಿ ತೆರೆದುಕೊಂಡಿದ್ದ ಸರ್ವರ್ ಒಂದೇ.

ಊರಿಗೆಲ್ಲ ಒಂದೇ ಮಾತು ಹಬ್ಬಿತು. ಮುದುಕನಿಗೆ ವಯಸ್ಸಾಯಿತು, ಸ್ವಿಚ್ಚು ಆರಿಸುವುದನ್ನೇ ಮರೆತು ವೈರಿಗೆ ಕೈ ಹಾಕಿದ, ಈಗ ಬಿಲ್ಲೆ ಗಿಲ್ಲೆ ಎನ್ನುತ್ತಾನೆ. ಕೇಜಿನ ಯಂತ್ರ ನೋಡಿಕೊಂಡವನಿಗೆ ಇದಕ್ಕಿಂತ ಹೊಲಸು ಮಾತಿಲ್ಲ. ಅವನು ಸ್ವಿಚ್ಚು ಮರೆಯುವಂಥವನಾಗಿದ್ದರೆ ಗಣಿಯಲ್ಲಿ ನೂರಾರು ಜನ ಅವನನ್ನು ನಂಬಿ ಇಳಿಯುತ್ತಿರಲಿಲ್ಲ. ಕಾಲೇಜು ಅವನನ್ನು ಇನ್ನು ಬರಬೇಡ ಎಂದಿತು. ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದು ಉಗ್ರಾಣದ ಪೆಟ್ಟಿಗೆಗೆ ಟೇಪು ಸುತ್ತಿ ಹೋದ. ಹೊಸ ಅರ್ತ್ ವೈರಿನ ಒಂದು ತುದಿ ಹಾಗೇ ಗೋಡೆಯಲ್ಲಿ ನೇತಾಡಿತು.

ನಾನು ಆ ದಿನವೇ ಮಧ್ಯಾಹ್ನ ತಗಡು ಮುಚ್ಚಿ ಮೆಮರಿ ಪರೀಕ್ಷೆ ಶುರುಮಾಡಿದೆ. ಮಾಲೂರಿನ ಕೆಲಸ ತಪ್ಪಲಿಲ್ಲ.

ಮುಂದಿನ ವಾರ ಡಿಸ್ಕುಗಳು ಬಂದವು. ಕೊನೆಯ ಸಿದ್ಧತೆ. ಡಿಸ್ಕುಗಳನ್ನು ಜೋಡಿ ಮಾಡಿದೆ. ಪ್ರೊಸೆಸರಿನಲ್ಲಿ ವರ್ಚುವಲೈಸೇಶನ್ನಿನ ಆಯ್ಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ, ಅದನ್ನು ತೆರೆದೆ. ಯಂತ್ರದ ಗಡಿಯಾರ ಸರಿ ಇದೆಯೇ ನೋಡಿದೆ. ಸರಿಯಿತ್ತು. ಒಪ್ಪಿಸುವ ಮೊದಲು ಮಾಡುವ ಇನ್ನೊಂದು ಕೆಲಸವಿದೆ. ಇಂಥ ಸರ್ವರ್‌ಗಳು ತಮಗೆ ಆದದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ: ಕರೆಂಟು ಹೋಯಿತು, ಬಂತು, ತಗಡು ತೆರೆಯಿತು, ಮುಚ್ಚಿತು. ಹಳೆಯದನ್ನು ಅಳಿಸಿ ಶುಭ್ರವಾಗಿ ಕೊಡಬೇಕು. ಎಲ್ಲರೂ ಮಾಡುತ್ತಾರೆ. ಅಳಿಸುವ ಮೊದಲು ಓದಿದೆ. ಬುಧವಾರ ಕರೆಂಟು ಬಂದದ್ದು ಹತ್ತು ನಲವತ್ತೇಳಕ್ಕೆ. ಹನ್ನೊಂದಕ್ಕೆ ಇನ್ನೂ ಹದಿಮೂರು ನಿಮಿಷ ಇತ್ತು.

ಅಳಿಸಿದೆ. ಸಮಯ ನನಗೆ ನೆನಪಿಲ್ಲ ಎಂದು ಬರೆಯಲು ಇವತ್ತೂ ಕೈ ಹೋಗುತ್ತದೆ.

ತಂತ್ರಾಂಶ ಹಾಕುವ ದಿನ ಬೆಳಗ್ಗೆ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಮುದುಕ ಕೂತಿದ್ದ. ಬಲಗೈಗೆ ಪ್ಲಾಸ್ಟರ್ ಕಟ್ಟು, ಕುತ್ತಿಗೆಗೆ ಜೋಲಿ. ವಾಚ್‌ಮನ್ ಎರಡು ಸಲ ಎಬ್ಬಿಸಲು ನೋಡಿದ್ದನಂತೆ. ಮೇಡಂ ಬಂದರು.

"ನಿಮಗೆ ಬರಬೇಡಿ ಅಂತ ಹೇಳಿದೆವಲ್ಲ. ಮನೆಗೆ ಹೋಗಿ ಸುಧಾರಿಸಿಕೊಳ್ಳಿ."

"ಎಂಗೋಗ್ಲಿ ತಾಯಿ? ಬುದ್ವಾರ ಇಳ್ದೋನು ಇನ್ನೂ ಮೇಲಕ್ ಬಂದಿಲ್ಲ. ನನ್ ಬಿಲ್ಲೆ ಕೊಡ್ಸಿ, ಓಯ್ತೀನಿ."

"ಎಲ್ಲಾ ಕಡೆ ಹುಡುಕಿಸಿದೀವಿ."

"ಇವ್ನ್ ಜೇಬಲ್ ಉಡುಕ್ಸಿದ್ರಾ?"

ನಾನು ಎರಡೂ ಜೇಬು ಹೊರಗೆಳೆದು ತೋರಿಸಿದೆ. ನಗುತ್ತಲೇ ತೋರಿಸಿದೆ. "ನೋಡ್ಕಳಿ ಯಜಮಾನ್ರೇ, ಒಳಂಗಿನೂ ಬಿಚ್ಲಾ?"

"ಬಿಚ್ಬ್ಯಾಡ. ಒಳ್ಗೇನೈತೆ ಅಂತ ಗೊತ್ತು," ಎಂದ.

ತಂತ್ರಾಂಶ ಸುಲಭವಾಗಿ ಕೂತಿತು. ಮಧ್ಯಾಹ್ನದ ಹೊತ್ತಿಗೆ ಐದು ಯಂತ್ರಗಳನ್ನೂ ಒಂದೊಂದಾಗಿ ಒಳಗೆ ಎಬ್ಬಿಸಿದೆ. ಮೇಡಂ ಹಿಂದೆ ನಿಂತು ನೋಡುತ್ತಿದ್ದರು. ಐದನೆಯದು ಏಳುವಾಗ ಪ್ರೊಸೆಸರ್ ಕಾವೇರಿ ಫ್ಯಾನುಗಳು ಜೋರಾದವು. ಆಗ ಒಂದು ಸದ್ದು ಶುರುವಾಯಿತು. ಕಿಣಿ, ಕಿಣಿಕಿಣಿ, ಮತ್ತೆ ಕಿಣಿ. ಮೆಮರಿ ಪರೀಕ್ಷೆಯ ದಿನವೂ ಒಂದೆರಡು ಸಲ ಕೇಳಿತ್ತು. ಫ್ಯಾನು ಸವೆದಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

"ಏನದು?" ಎಂದರು ಮೇಡಂ.

"ಫ್ಯಾನು. ಹಳೇದಲ್ವಾ. ಬೇರೆ ತಂದು ಹಾಕ್ತೀನಿ."

ಹೊರಗೆ ಸ್ಟೂಲು ಸರಿದ ಸದ್ದು. ಮುದುಕ ಬಾಗಿಲಲ್ಲಿ ನಿಂತಿದ್ದ. ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಜನ ತುಂಬಿದ ಕೇಜು ಇಳಿಯುವಾಗ ಯಂತ್ರದ ಸದ್ದನ್ನು ಹೀಗೇ ಕೇಳುತ್ತಿದ್ದನೇನೋ.

"ಫ್ಯಾನ್ ಅಲ್ಲ ಅದು. ಇತ್ತಾಳೆ."

ಕಣ್ಣು ತೆರೆದು ಮೇಡಂ ಕಡೆ ತಿರುಗಿದ.

"ಇತ್ತಾಳೆ ಸದ್ದು ತಾಯಿ ಅದು. ನನ್ ಬಿಲ್ಲೆ. ಇವ್ನ್ ಬಸ್ರಿ ಒಟ್ಟೇಲಿ ಐತೆ. ಬಿಚ್ಸಿ."

"ಈಗ ಬಿಚ್ಚಿದರೆ ಐದೂ ನಿಲ್ಲುತ್ತವೆ ಮೇಡಂ," ಎಂದೆ. "ಬೆಳಗ್ಗೆಯಿಂದ ಮಾಡಿದ ಕೆಲಸ."

"ನಿಲ್ಲಿಸಿ," ಎಂದರು ಮೇಡಂ.

ನನ್ನ ಹೆಂಡತಿಗೆ ಗೊತ್ತಿರುವ ಕಥೆಯಲ್ಲಿ ನಾನೇ ಮನಸ್ಸು ತಡೆಯದೆ ಬಿಚ್ಚಿ ಒಪ್ಪಿಕೊಂಡೆ. ಆ ಕಥೆಯಲ್ಲಿ ನಾನು ಸ್ವಲ್ಪ ಅತ್ತೂ ಇದ್ದೇನೆ. ಆಗಲಿಲ್ಲ ಅದು. ಬಿಚ್ಚು ಎಂದದ್ದಕ್ಕೆ ಬಿಚ್ಚಿದೆ. ಐದನ್ನೂ ಒಂದೊಂದಾಗಿ ಮಲಗಿಸಿ, ಸರ್ವರ್ ಆರಿಸಿ, ಚೌಕಟ್ಟಿನಿಂದ ಎಳೆದು, ತಗಡು ಸರಿಸಿದೆ. ಫ್ಯಾನುಗಳ ಸಾಲಿಗೂ ಡಿಸ್ಕುಗಳ ಗೂಡಿಗೂ ನಡುವಿನ ಸಂದಿಯಲ್ಲಿ ಬಿಲ್ಲೆ ನಿಂತಿತ್ತು. ದಾರ ಫ್ಯಾನಿಗೆ ಸಿಕ್ಕಿ ಚೂರಾಗಿತ್ತು. ಅಂಚಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು. ಆಕಸ್ಮಿಕವಾಗಿ ಜಾರಿ ಬಿದ್ದರೆ ಅದು ಮೆಮರಿ ಪಟ್ಟಿಗಳ ಮೇಲೆ ಬೀಳಬೇಕಿತ್ತು. ಆ ಸಂದಿಗೆ ಹೋಗಬೇಕಾದರೆ ಬೆರಳಿನಿಂದ ತಳ್ಳಬೇಕು. ತಳ್ಳಿದ್ದು ನನಗೆ ನೆನಪಿಲ್ಲ. ಬೆರಳು ನನ್ನದೇ ಇರಬೇಕು.

"ಇದು ಇಲ್ಲಿಗೆ ಹೇಗೆ ಬಂತು?" ಮೇಡಂ ದನಿ ತಣ್ಣಗಿತ್ತು.

"ನಾನೇ ತೆಗೆದೆ. ಸ್ವಿಚ್ಚು ಹಾಕಿದ್ದೂ ನಾನೇ."

"ಹನ್ನೊಂದು ಆಗಿತ್ತಾ?"

ಪಟ್ಟಿ ಅಳಿಸಿಹೋಗಿತ್ತು. ಆಗಿತ್ತು ಎಂದರೆ ಯಾರೂ ಅಲ್ಲ ಎನ್ನುವಂತಿರಲಿಲ್ಲ. ಮುದುಕ ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಸುಳ್ಳು ಹೇಳಲಿ ಎಂದು ಅವನು ಕಾಯುತ್ತಿದ್ದಾನೆ, ಹೇಳಿದರೆ ಅವನಿಗೆ ಖುಷಿಯಾಗುತ್ತದೆ ಎನ್ನಿಸಿತು. ಆ ಖುಷಿಯನ್ನು ಕೊಡಬಾರದೆಂದು, ಅದೊಂದೇ ಕಾರಣಕ್ಕೆ, ನಿಜ ಹೇಳಿದೆ.

"ಆಗಿರಲಿಲ್ಲ."

ಮೇಡಂ ಅವನ ಕಡೆ ತಿರುಗಿ, ನಮ್ಮಿಂದ ತಪ್ಪಾಯಿತು, ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದರು. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಡಗೈ ಚಾಚಿದ. ಬಿಲ್ಲೆ ಕೊಟ್ಟೆ. ಪಂಚೆಯ ಅಂಚಿನಲ್ಲಿ ಒರೆಸಿಕೊಂಡ.

"ನಾಳೆ ಮಾತು ನಾಳೆ. ಬುದ್ವಾರದ್ ಕೆಲ್ಸ ಅರ್ಧ ಐತೆ."

ವರಾಂಡಕ್ಕೆ ಹೋಗಿ ಮೇನ್ ಸ್ವಿಚ್ಚು ಇಳಿಸಿದ. ಜೋಲಿಯ ಬಟ್ಟೆಯ ಅಂಚಿನಿಂದ ಒಂದು ಎಳೆಯನ್ನು ಹಲ್ಲಿನಿಂದ ಹರಿದು, ಬಿಲ್ಲೆಗೆ ಪೋಣಿಸಿ, ಒಂಟಿ ಕೈಯಲ್ಲೇ ಕಷ್ಟಪಟ್ಟು ಸ್ವಿಚ್ಚಿಗೆ ನೇತುಹಾಕಿದ. ನಾನು ಗಂಟು ಹಾಕಲು ಮುಂದೆ ಬಂದೆ.

"ದೂರ ಇರ್ಲಾ."

ಆಮೇಲೆ ಸ್ಟೂಲನ್ನು ಕಾಲಿನಿಂದ ತಳ್ಳಿ ಬಿಲ್ಲೆಯ ಕೆಳಗೆ ನಿಲ್ಲಿಸಿದ.

"ಕೂತ್ಕ ಇಲ್ಲಿ. ಯಾವನಾರ ಬಂದು ಇದ್ನ ಮುಟ್ಟಿದ್ರೆ ಅವ್ನ್ ಕೈ ಇಡ್ಕ. ಓದಿರೋನು ಬಂದ್ರೆ ಇನ್ನೂ ಬಿಗಿಯಾಗ್ ಇಡ್ಕ."

ಉಗ್ರಾಣಕ್ಕೆ ಹೋದ. ನಾನು ಕೂತೆ. ತರಗತಿ ಬಿಟ್ಟ ಹುಡುಗಿಯರು ಗುಂಪಾಗಿ ಬಂದು, ನನ್ನನ್ನು ನೋಡಿ, ಪಿಸುಗುಟ್ಟಿ ಹೋದರು. ಒಬ್ಬ ಮೇಷ್ಟ್ರು ಬಂದು ಫ್ಯಾನು ಯಾಕೆ ನಿಂತಿದೆ ಎಂದು ಕೇಳಿದರು. ಒಳಗೆ ಆಳು ಇದ್ದಾರೆ ಎಂದೆ. ಒಳಗಿನಿಂದ ಸ್ಕ್ರೂಡ್ರೈವರ್ ಬಿದ್ದ ಸದ್ದು, ಎತ್ತಿಕೊಂಡ ಸದ್ದು, ಮತ್ತೆ ಬಿದ್ದ ಸದ್ದು. ಎಡಗೈ ಅಭ್ಯಾಸವಿಲ್ಲದವನ ಕೆಲಸ. ಹೋಗಿ ಹಿಡಿದುಕೊಡಬೇಕು ಎನ್ನಿಸಲಿಲ್ಲ. ಬೇಗ ಮುಗಿಸಲಿ ಎನ್ನಿಸಿತು. ಎಷ್ಟು ಹೊತ್ತು ಕೂತಿದ್ದೆ ಎಂದು ಹೇಳಲಾರೆ. ಸರ್ವರ್ ಆರಿತ್ತು, ಬರೆದಿಟ್ಟುಕೊಳ್ಳುವವರು ಯಾರೂ ಇರಲಿಲ್ಲ.

ಅವನು ಬಂದ. ಹಣೆಯ ಮೇಲೆ ಸುಣ್ಣ, ಬೆವರು. ಟೆಸ್ಟರನ್ನು ನನ್ನ ಮಡಿಲಿಗೆ ಎಸೆದ. ಬಿಲ್ಲೆಯನ್ನು ತಾನೇ ಬಿಡಿಸಿಕೊಂಡು ಜೇಬಿಗೆ ಹಾಕಿದ. ಸ್ವಿಚ್ಚು ಮಾತ್ರ ಹಾಕಲಿಲ್ಲ. ಹಾಕುತ್ತಾನೆಂದು ನಾನು ಎದ್ದು ಪಕ್ಕಕ್ಕೆ ಸರಿದಿದ್ದೆ.

"ಏನ್ ನೋಡ್ತಿದೀಯ? ಆಕು. ಆವತ್ತು ಆಕ್ದಲ್ಲ, ಅಂಗೇ ಆಕು."

ನಾನು ಉಗ್ರಾಣದ ಬಾಗಿಲಿನವರೆಗೆ ಹೋಗಿ ಒಳಗೆ ಯಾರೂ ಇಲ್ಲವೆಂದು ನೋಡಿ ಬಂದೆ. ಅವನು ಬುಧವಾರದಿಂದ ಅಲ್ಲೇ ಉಳಿದಿದ್ದ ತನ್ನ ಸೈಕಲ್ಲಿನ ಹತ್ತಿರ ನಿಂತು ನೋಡುತ್ತಿದ್ದ. ಮತ್ತೆ ಇನ್ನೊಂದು ಸಲ ಹೋಗಿ ನೋಡಿ ಬಂದೆ.